ಉಣ್ಣೆಯ ಬೆನ್ನು ಹತ್ತಿದ ವಿಜ್ಞಾನಿ

ಬೀದಿನಾಯಿಯ ಕಿವಿಯ ಒಳಮಗ್ಗುಲಲ್ಲಿಯೂ ಕಾಲ್ಬೆರಳುಗಳ ಸಂದಿಯಲ್ಲಿಯೂ ಕಾಳುಗಳನ್ನು ಅಂಟಿಸಿದಂತೆ ಕಚ್ಚಿಕೊಂಡಿರುವ ಉಣ್ಣೆಗಳನ್ನು ನೋಡದವರು ನಮ್ಮಲ್ಲಿ ವಿರಳ. ತುಮಕೂರಿನ ಬಟವಾಡಿಯ ಬೀದಿಗಳಲ್ಲಾಗಲಿ, ಗುಬ್ಬಿ ಕುಣಿಗಲ್ಲುಗಳ ಸಂತೆಯ ಮೈದಾನಗಳಲ್ಲಾಗಲಿ, ಬಿಸಿಲಿಗೆ ಬಳಲಿ ಗೋಡೆಯ ನೆರಳಿನಲ್ಲಿ ಮಲಗಿದ ನಾಯಿಯನ್ನು ಹತ್ತಿರದಿಂದ ನೋಡಿದರೆ ಸಾಕು, ಅವು ಕಣ್ಣಿಗೆ ಬೀಳುತ್ತವೆ. ಮಲೆನಾಡಿನ ಜನ ಇದನ್ನೇ ಉಣುಗು ಎಂದು ಕರೆಯುತ್ತಾರೆ. ಕಂಬಳಿಗೆ ಬೇಕಾದ ಕುರಿಯ ಉಣ್ಣೆಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಜನರು ಇದನ್ನು ಕಂಡು ಅಸಹ್ಯಪಟ್ಟು ಮುಖ ತಿರುಗಿಸುತ್ತಾರೆ. ಆದರೆ ಇದೇ ಕ್ಷುದ್ರಜೀವಿಯ ಒಡಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ಕರುಳು, ಮೊಟ್ಟೆ, ಜೊಲ್ಲುಗ್ರಂಥಿಗಳನ್ನು ಒಂದೊಂದಾಗಿ ಬಿಡಿಸಿ, ನಾಯಿಯ ಜ್ವರ ಎಲ್ಲಿಂದ ಎಲ್ಲಿಗೆ ಪಯಣಿಸುತ್ತದೆಂಬುದನ್ನು ಹುಡುಕಿದ ವಿಜ್ಞಾನಿಯೊಬ್ಬರು ಶತಮಾನದ ಹಿಂದೆ ನಮ್ಮ ನೆರೆಯ ಮದರಾಸಿನಲ್ಲಿ ಇದ್ದರು. ಅವರೇ ಸರ್ ಸ್ಯಾಮ್ಯುಯೆಲ್ ರಿಕರ್ಡ್ ಕ್ರಿಸ್ಟಫರ್ಸ್.

ಕ್ರಿಸ್ಟಫರ್ಸ್ ಹುಟ್ಟಿದ್ದು 1873ರ ನವೆಂಬರ್ ತಿಂಗಳಿನಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ಲೋಕದ ನಾನಾ ಭಾಗಗಳಿಂದ ಹಡಗುಗಳು ಬಂದು ನಿಲ್ಲುತ್ತಿದ್ದ ಬಂದರು ಅದು. ಉಷ್ಣವಲಯದ ಸರಕುಗಳ ಜೊತೆಗೆ ಉಷ್ಣವಲಯದ ಜ್ವರಗಳೂ ನಾವಿಕರ ಮೈಯಲ್ಲಿ ಅಲ್ಲಿಗೆ ಬಂದಿಳಿಯುತ್ತಿದ್ದವು. ಅದೇ ಊರಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1896ರಲ್ಲಿ ಅವರು ಪದವಿಯನ್ನು ಪಡೆದರು.

ಅದು ವೈದ್ಯವಿಜ್ಞಾನದ ಚರಿತ್ರೆಯಲ್ಲಿಯೇ ರೋಮಾಂಚಕವಾದ ಕಾಲ. ರೊನಾಲ್ಡ್ ರಾಸ್ ಅವರು ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸವನ್ನು ಮಾಡಿ, ಬಳಿಕ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡಿದ್ದರು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ಆ ಜೀವಿ ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರಿ ಅಲ್ಲಿಂದ ಮತ್ತೊಂದು ಹಕ್ಕಿಯ ರಕ್ತಕ್ಕೆ ಇಳಿಯುವ ದಾರಿಯನ್ನು ತೋರಿಸಿದ್ದರು. ರಕ್ತ ಹೀರುವ ಕ್ರಿಮಿ ಬರಿಯ ಕಳ್ಳನಲ್ಲ, ರೋಗದ ವಾಹಕವೂ ಹೌದು ಎಂಬ ಅರಿವು ಎಲ್ಲೆಡೆ ಹಬ್ಬುತ್ತಿತ್ತು. 1898ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿಯು ಮಲೇರಿಯಾ ರೋಗದ ಅಧ್ಯಯನಕ್ಕೆಂದು ಒಂದು ಆಯೋಗವನ್ನು ರಚಿಸಿತು. ಅದರ ಸದಸ್ಯರಲ್ಲಿ ಇಪ್ಪತ್ತೈದು ವಯಸ್ಸಿನ ಕ್ರಿಸ್ಟಫರ್ಸ್ ಒಬ್ಬರು. ಅವರೂ ಸ್ಟೀಫನ್ಸ್ ಎಂಬ ಸಹೋದ್ಯೋಗಿಯೂ ಆಫ್ರಿಕದ ಹಲವು ಕಡೆಗಳಲ್ಲಿ ಸುತ್ತಿದರು. ಹಳ್ಳಿಯ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ಆಡಿಕೊಂಡಿರುವ ಎಳೆಯ ಮಕ್ಕಳ ರಕ್ತದಲ್ಲಿ ಮಲೇರಿಯಾದ ಜೀವಿಗಳು ತುಂಬಿದ್ದವು. ಬೆಳೆದವರಲ್ಲಿ ಅವು ಅಪರೂಪವಾಗಿದ್ದವು. ಬಾಲ್ಯದಲ್ಲಿ ಮತ್ತೆ ಮತ್ತೆ ರೋಗಕ್ಕೆ ಗುರಿಯಾಗಿ ಉಳಿದವರಿಗೆ ಕ್ರಮೇಣ ಅದನ್ನು ತಡೆಯುವ ಶಕ್ತಿ ಬರುತ್ತದೆಂಬುದು ಇದರಿಂದ ತಿಳಿಯಿತು.

ಈ ಸೊಗಸಾದ ಶೋಧದಿಂದ ಅವರು ಆಗ ತೆಗೆದ ತೀರ್ಮಾನ ಮಾತ್ರ ಸೊಗಸಾದುದಾಗಿರಲಿಲ್ಲ. ಯೂರೋಪಿನವರು ಸ್ಥಳೀಯರ ವಸತಿಗಳಿಂದ ದೂರದಲ್ಲಿ ಮನೆ ಕಟ್ಟಿಕೊಂಡು ಬೇರೆಯಾಗಿ ಇರಬೇಕೆಂದು ಅವರು ಸಲಹೆ ಮಾಡಿದರು. ಸೊಳ್ಳೆಯನ್ನು ಅಳಿಸುವುದಕ್ಕಿಂತ ಜನರಿಂದ ಜನರನ್ನು ದೂರವಿಡುವುದು ಸುಲಭವೆಂದು ಆಳುವವರಿಗೆ ತೋರಿದ ಕಾಲವದು. ಆ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಆ ಸಲಹೆಯಲ್ಲಿ ಇರಲಿಲ್ಲ. ಮುಂದೆ ಭಾರತದಲ್ಲಿ ಅವರು ಬೇರೆ ಬಗೆಯ ಪ್ರಶ್ನೆಗಳನ್ನು ಕೇಳುವುದನ್ನು ನಾವು ಕಾಣುತ್ತೇವೆ.

ಆಯೋಗದ ಕೆಲಸದ ಮೇಲೆಯೇ ಅವರು ಭಾರತಕ್ಕೆ ಬಂದರು. 1902ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿದರು. ಆ ವೇಳೆಗೆ ಮದರಾಸಿನ ಹೊರವಲಯದ ಗಿಂಡಿಯಲ್ಲಿ ಕಿಂಗ್ ಸಂಸ್ಥೆ ಎಂಬ ಪ್ರಯೋಗಾಲಯ ರೂಪುಗೊಳ್ಳುತ್ತಿತ್ತು. ಮೊದಲಿಗೆ ಕರುಗಳ ಮೈಮೇಲೆ ಸಿಡುಬಿನ ಲಸಿಕೆಯನ್ನು ಬೆಳೆಸುವುದಕ್ಕೆಂದು ಹುಟ್ಟಿದ ಸ್ಥಳವದು. ಅದರ ಮೊದಲ ನಿರ್ದೇಶಕರಾಗಿ ಕ್ರಿಸ್ಟಫರ್ಸ್ ನೇಮಕಗೊಂಡರು. ಮದರಾಸಿನ ವೈದ್ಯರಾದ ಡೊನೊವನ್ ಅವರು ಗುಲ್ಮ ಊದಿಕೊಂಡ ಜ್ವರದ ರೋಗಿಗಳಲ್ಲಿ 1903ರಲ್ಲಿ ಹೊಸದೊಂದು ಜೀವಿಯನ್ನು ಕಂಡಿದ್ದರು. ಕಾಲಾಜಾರ್ ಎಂದು ಹೆಸರಾದ ಆ ರೋಗದ ಜೀವಿ ದೇಹದ ಯಾವ ಯಾವ ಅಂಗಗಳಲ್ಲಿ ಹೇಗೆ ನೆಲೆಸುತ್ತದೆಂಬುದನ್ನು ಕ್ರಿಸ್ಟಫರ್ಸ್ ವಿವರವಾಗಿ ವರ್ಣಿಸಿದರು. ಇದಾದ ಮೇಲೆ ಅವರ ದೃಷ್ಟಿ ನಾಯಿಗಳ ಕಡೆಗೆ ಹೊರಳಿತು.

ನಾಯಿಗಳಿಗೆ ಬರುವ ಒಂದು ಜ್ವರದಲ್ಲಿ ರಕ್ತದ ಕೆಂಪುಕಣಗಳೊಳಗೆ ಅತಿ ಸಣ್ಣ ಜೀವಿಗಳು ಜೋಡಿಜೋಡಿಯಾಗಿ ಕಾಣುತ್ತವೆ. ಅವುಗಳ ಆಕಾರ ಪೇರ್ ಹಣ್ಣಿನಂತೆ. ಆದುದರಿಂದಲೇ ಅವುಗಳಿಗೆ ಪೈರೊಪ್ಲಾಸ್ಮ ಎಂಬ ಹೆಸರು ಬಂದಿತು. ಇಂದಿನ ಗ್ರಂಥಗಳಲ್ಲಿ ರುಮೇನಿಯದ ವಿಜ್ಞಾನಿ ಬಾಬೆಶ್ ಅವರ ನೆನಪಿಗೆ ಅವನ್ನು ಬೆಬೀಸಿಯ ಎಂದು ಕರೆಯುತ್ತಾರೆ. ಈ ಜೀವಿಗಳು ರಕ್ತಕಣಗಳನ್ನು ಒಡೆದು ನಾಶಮಾಡುತ್ತವೆ. ನಾಯಿಗೆ ಜ್ವರ ಏರುತ್ತದೆ; ಒಸಡು ಬಿಳಿಚಿಕೊಳ್ಳುತ್ತದೆ; ಕೆಲವೊಮ್ಮೆ ಕಣ್ಣು ಹಳದಿಯಾಗಿ ಮೂತ್ರ ಕೆಂಪಾಗುತ್ತದೆ. ದನಗಳಿಗೂ ಕುದುರೆಗಳಿಗೂ ಇಂತಹವೇ ಜ್ವರಗಳುಂಟು, ಆದರೆ ಜೀವಿಗಳು ಬೇರೆ ಬೇರೆ.

ಇಂತಹ ಜ್ವರವನ್ನು ಉಣ್ಣೆ ಹರಡುತ್ತದೆಂಬುದು ಆಗಲೇ ತಿಳಿದಿತ್ತು. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ದನಗಳ ಟೆಕ್ಸಾಸ್ ಜ್ವರವು ಉಣ್ಣೆಗಳಿಂದ ಬರುತ್ತದೆಂಬುದನ್ನು ಪ್ರಯೋಗಗಳಿಂದ ಸಿದ್ಧಪಡಿಸಿ 1893ರಲ್ಲಿ ಪ್ರಕಟಿಸಿದ್ದರು. ರಾಸ್ ಅವರ ಶೋಧಕ್ಕಿಂತಲೂ ನಾಲ್ಕು ವರ್ಷ ಹಿಂದಿನ ಮಾತು ಇದು. ಸೊಳ್ಳೆಯ ಕೀರ್ತಿಯ ಮುಂದೆ ಉಣ್ಣೆಯ ಕಥೆ ಮಸುಕಾಗಿ ಹೋಯಿತು. ದಕ್ಷಿಣ ಆಫ್ರಿಕದಲ್ಲಿ ಲೌನ್ಸ್‌ಬರಿ ಎಂಬವರು 1901ರಲ್ಲಿ ನಾಯಿಗಳ ಜ್ವರದ ವಿಷಯದಲ್ಲಿಯೂ ಇದನ್ನೇ ತೋರಿಸಿದ್ದರು. ಆದರೆ ಇದರಲ್ಲಿ ಒಂದು ಒಗಟು ಉಳಿದಿತ್ತು. ಸೊಳ್ಳೆ ಒಬ್ಬನನ್ನು ಕಚ್ಚಿ, ಹಾರಿ, ಮತ್ತೊಬ್ಬನನ್ನು ಕಚ್ಚುತ್ತದೆ. ದನದ ಆ ಉಣ್ಣೆಯಾದರೋ ಒಂದೇ ಪ್ರಾಣಿಯ ಮೇಲೆ ಬೆಳೆದು, ರಕ್ತ ಹೀರಿ, ನೆಲಕ್ಕೆ ಬಿದ್ದು, ಮೊಟ್ಟೆಯಿಟ್ಟು ಸತ್ತುಹೋಗುತ್ತದೆ. ರೋಗವನ್ನು ತರುವುದು ಅದರ ಮರಿಗಳು. ಅವು ಹಿಂದೆಂದೂ ರಕ್ತದ ರುಚಿಯನ್ನೇ ಕಂಡಿರುವುದಿಲ್ಲ. ಹಾಗಿದ್ದರೆ ರೋಗದ ಜೀವಿಯು ತಾಯಿಯ ಹೊಟ್ಟೆಯಿಂದ ಮರಿಯ ಬಾಯಿಗೆ ಬಂದುದು ಹೇಗೆ? ನಡುವಿನ ದಾರಿಯನ್ನು ಪೂರ್ಣವಾಗಿ ಕಂಡವರು ಇರಲಿಲ್ಲ.

ಮದರಾಸಿನ ನಾಯಿಗಳ ಮೈಮೇಲಿದ್ದ ಕಂದುಬಣ್ಣದ ಉಣ್ಣೆಯನ್ನು ಕ್ರಿಸ್ಟಫರ್ಸ್ ಆರಿಸಿಕೊಂಡರು. ಶಾಸ್ತ್ರದಲ್ಲಿ ಅದಕ್ಕೆ ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎಂದು ಹೆಸರು. ಬಟವಾಡಿಯ ನಾಯಿಯ ಮೇಲೆ ಇಂದು ಸಾಮಾನ್ಯವಾಗಿ ಕಾಣುವುದೂ ಈ ಬಳಗದ ಉಣ್ಣೆಯೇ. ಇದು ಕೀಟವಲ್ಲ, ಜೇಡ ಚೇಳುಗಳ ನೆಂಟ. ಮೊಟ್ಟೆಯೊಡೆದು ಬರುವ ಮರಿಗೆ ಆರು ಕಾಲುಗಳು. ಅದು ನಾಯಿಯ ಮೈಯೇರಿ ರಕ್ತ ಕುಡಿದು ಕೆಳಗುದುರಿ, ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣ್ಣೆಯಾಗುತ್ತದೆ. ಎಳೆಯ ಉಣ್ಣೆ ಮತ್ತೆ ನಾಯಿಯನ್ನು ಹತ್ತಿ, ರಕ್ತ ಕುಡಿದು, ಉದುರಿ, ಇನ್ನೊಮ್ಮೆ ಪೊರೆ ಕಳಚಿ ಪ್ರೌಢಾವಸ್ಥೆಗೆ ಬರುತ್ತದೆ. ಪ್ರೌಢವಾದದ್ದು ಮೂರನೆಯ ಸಲ ನಾಯಿಯನ್ನು ಹುಡುಕಬೇಕು. ಹೀಗೆ ಒಂದೇ ಬಾಳಿನಲ್ಲಿ ಮೂರು ಊಟ, ಮೂರು ಸಲ ನೆಲವಾಸ. ಎಳ್ಳಿನಷ್ಟಿದ್ದ ಹೆಣ್ಣು ಉಣ್ಣೆ ರಕ್ತ ತುಂಬಿಕೊಂಡು ಅವರೆಕಾಳಿನಷ್ಟು ಉಬ್ಬುತ್ತದೆ; ಬಳಿಕ ಕೆಳಗಿಳಿದು ಗೋಡೆಯ ಬಿರುಕಿನಲ್ಲೋ ಕಲ್ಲುಸಂದಿಯಲ್ಲೋ ಅಡಗಿ, ಸಾವಿರಗಟ್ಟಲೆ ಮೊಟ್ಟೆಗಳನ್ನಿಟ್ಟು ಒಣಗಿ ಸಾಯುತ್ತದೆ. ಬಹುಪಾಲು ಉಣ್ಣೆಗಳು ಹುಲ್ಲುಗಾವಲು ಕಾಡುಗಳನ್ನು ಬಿಟ್ಟಿರಲಾರವು. ಈ ಜಾತಿಯಾದರೋ ಮನುಷ್ಯನ ಗೋಡೆಯನ್ನೂ ಅವನ ನಾಯಿಯನ್ನೂ ನೆಚ್ಚಿಕೊಂಡು ಪಟ್ಟಣವಾಸಿಯಾಗಿಬಿಟ್ಟಿದೆ. ಊಟವಿಲ್ಲದೆ ತಿಂಗಳುಗಟ್ಟಲೆ ಬಿರುಕಿನಲ್ಲಿ ಕಾದುಕುಳಿತಿರುವ ತಾಳ್ಮೆ ಅದಕ್ಕುಂಟು.

ಕ್ರಿಸ್ಟಫರ್ಸ್ ಅವರಿಗೂ ತಾಳ್ಮೆ ಕಡಿಮೆಯಿರಲಿಲ್ಲ. ರೋಗದ ಜೀವಿಯನ್ನು ಉಣ್ಣೆಯ ಒಡಲಿನಲ್ಲಿ ಹುಡುಕಬೇಕಾದರೆ ಮೊದಲು ಉಣ್ಣೆಯ ಒಡಲು ಹೇಗಿದೆಯೆಂಬುದು ತಿಳಿದಿರಬೇಕು. ಊರಿನ ನಕ್ಷೆಯಿಲ್ಲದೆ ಅಪರಿಚಿತನ ಮನೆಯನ್ನು ಹುಡುಕಲಾದೀತೆ? ಅದಕ್ಕಾಗಿ ಅವರು ಉಣ್ಣೆಯ ಅಂಗರಚನೆಯನ್ನೇ ಮೊದಲು ಅಧ್ಯಯನ ಮಾಡಿದರು. ಎಳ್ಳುಕಾಳಿನಂತಹ ಪ್ರಾಣಿಯನ್ನು ಸೂಜಿಯ ಮೊನೆಯಿಂದ ಬಿಡಿಸುವುದು, ಮೇಣದಲ್ಲಿ ಹುದುಗಿಸಿ ತೆಳುವಾದ ಹಾಳೆಗಳಾಗಿ ಕೊಯ್ಯುವುದು, ಬಣ್ಣ ಕೊಟ್ಟು ಗಾಜಿನ ಪಟ್ಟಿಯ ಮೇಲೆ ಹರಡುವುದು, ಕಂಡುದನ್ನು ಚಿತ್ರಿಸುವುದು ಅಂದಿನ ಅಂಗರಚನಾಶಾಸ್ತ್ರದ ಕ್ರಮ. ಮದರಾಸಿನ ಸೆಕೆಯಲ್ಲಿ ಇಂತಹ ಕೆಲಸ ಎಷ್ಟು ಕಷ್ಟವೆಂಬುದನ್ನು ಪ್ರಯೋಗಾಲಯದಲ್ಲಿ ಕೈಯಾಡಿಸಿದವರು ಊಹಿಸಬಲ್ಲರು. ಉಣ್ಣೆಯ ಅಂಗರಚನೆಯನ್ನು ಕುರಿತ ಅವರ ಗ್ರಂಥ 1906ರಲ್ಲಿ ಭಾರತ ಸರ್ಕಾರದ ವೈಜ್ಞಾನಿಕ ಪ್ರಕಟಣೆಗಳ ಮಾಲೆಯಲ್ಲಿ ಹೊರಬಂದಿತು.

ನಕ್ಷೆ ಸಿದ್ಧವಾದ ಮೇಲೆ ಪ್ರಯಾಣ. ಜ್ವರಪೀಡಿತ ನಾಯಿಯ ರಕ್ತ ಕುಡಿದ ಉಣ್ಣೆಗಳನ್ನು ಪರೀಕ್ಷಿಸಿ ನೋಡುತ್ತ ಹೋದಾಗ, ಉಣ್ಣೆಯ ಕರುಳಿನಲ್ಲಿ ರಕ್ತಕಣದಿಂದ ಹೊರಬಿದ್ದ ಜೀವಿಗಳು ರೂಪ ಬದಲಿಸಿ ಗದೆಯಂತೆ ಉದ್ದವಾಗುವುದು ಅವರಿಗೆ ಕಂಡಿತು. ಗದೆಯಾಕಾರದ ಈ ಜೀವಿಗಳಿಗೆ ಚಲನೆಯಿತ್ತು. ಅವು ಕರುಳಿನಿಂದ ಹೊರಟು ಹೆಣ್ಣು ಉಣ್ಣೆಯ ಮೊಟ್ಟೆಗಳನ್ನು ಹೊಕ್ಕವು. ಮೊಟ್ಟೆಯ ಮೂಲಕ ಮರಿಯ ದೇಹವನ್ನು ಸೇರಿದವು. ಕಡೆಗೆ ಜೊಲ್ಲುಗ್ರಂಥಿಯಲ್ಲಿ ನೆಲೆಸಿ, ಅಲ್ಲಿ ಅಸಂಖ್ಯವಾಗಿ ಒಡೆದು, ಉಣ್ಣೆ ಕಚ್ಚಿದಾಗ ಜೊಲ್ಲಿನೊಡನೆ ನಾಯಿಯ ರಕ್ತಕ್ಕೆ ಇಳಿಯಲು ಅಣಿಯಾದವು. ಜರ್ಮನಿಯ ರಾಬರ್ಟ್ ಕಾಕ್ ಅವರು ದನದ ಉಣ್ಣೆಗಳಲ್ಲಿ ಇದರ ಕೆಲವು ಹಂತಗಳನ್ನು ಕಂಡಿದ್ದರು. ಕರುಳಿನಿಂದ ಜೊಲ್ಲಿನವರೆಗಿನ ದಾರಿಯನ್ನು ಎಡೆಬಿಡದೆ ಅನುಸರಿಸಿದವರು ಕ್ರಿಸ್ಟಫರ್ಸ್. ನಾಯಿಯ ಪೈರೊಪ್ಲಾಸ್ಮ ಮತ್ತು ಉಣ್ಣೆಯಲ್ಲಿ ಅದರ ಜೀವನಚಕ್ರವನ್ನು ಕುರಿತ ಅವರ ಪ್ರಬಂಧ 1907ರಲ್ಲಿ ಪ್ರಕಟವಾಯಿತು.

ನಾಯಿಯ ರಕ್ತದಲ್ಲಿ ಇನ್ನೊಂದು ಜೀವಿಯೂ ಇತ್ತು. ಅದು ಕೆಂಪುಕಣಗಳನ್ನು ಬಿಟ್ಟು ಬಿಳಿಯ ಕಣಗಳಲ್ಲಿ ಮನೆಮಾಡುತ್ತಿತ್ತು. ಅಸ್ಸಾಮಿನಲ್ಲಿ ಬೆಂಟ್ಲಿ ಎಂಬ ವೈದ್ಯರು 1905ರಲ್ಲಿ ಅದನ್ನು ಮೊದಲು ಗುರುತಿಸಿದ್ದರು. ಅದೂ ಅದೇ ಕಂದು ಉಣ್ಣೆಯೊಳಗೆ ಬೆಳೆಯುತ್ತದೆಂಬುದನ್ನು ಕ್ರಿಸ್ಟಫರ್ಸ್ ತೋರಿಸಿದರು. ಈ ಜೀವಿಯ ನಡತೆ ವಿಲಕ್ಷಣವಾದುದು. ಉಣ್ಣೆ ಕಚ್ಚಿದರೆ ಇದು ನಾಯಿಗೆ ಅಂಟುವುದಿಲ್ಲ. ತುರಿಕೆ ತಾಳದೆ ನಾಯಿಯು ಮೈಯನ್ನು ಹಲ್ಲಿನಿಂದ ಕೆರೆದುಕೊಳ್ಳುವಾಗ ಉಣ್ಣೆಯನ್ನು ನುಂಗಿದರೆ ಅಂಟುತ್ತದೆ. ಈ ಕೊನೆಯ ಕೊಂಡಿ ನಂತರದ ವರ್ಷಗಳಲ್ಲಿ ಇತರರ ಪ್ರಯೋಗಗಳಿಂದ ದೃಢಪಟ್ಟಿತು. ಮದರಾಸಿನ ಈ ಕೆಲಸ ಕ್ರಿಸ್ಟಫರ್ಸ್ ಅವರೊಡನೆ ನಿಲ್ಲಲಿಲ್ಲ. ಪ್ಯಾಟನ್ ಎಂಬವರು 1910ರಲ್ಲಿ ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿಯೂ, ಬಳಿಕ ನರಿಗಳ ರಕ್ತದಲ್ಲಿಯೂ ಪೈರೊಪ್ಲಾಸ್ಮದ ಇನ್ನೊಂದು ಜಾತಿಯನ್ನು ಕಂಡರು. ಬೆಬೀಸಿಯ ಗಿಬ್ಸೊನೈ ಎಂಬ ಹೆಸರಿನ ಅದು ಇಂದು ಜಗತ್ತಿನ ಹಲವು ದೇಶಗಳ ಪಶುವೈದ್ಯರಿಗೆ ತಲೆನೋವಾಗಿದೆ.

ಇಷ್ಟೆಲ್ಲ ಶ್ರಮ ಒಂದು ನಾಯಿಯ ಜ್ವರಕ್ಕಾಗಿಯೇ ಎಂದು ಕೇಳುವವರು ಅಂದೂ ಇದ್ದಿರಬಹುದು. ಉಣ್ಣೆಯ ವಿಷಯದಲ್ಲಿ ತಿಳಿದ ಪ್ರತಿಯೊಂದು ಸಂಗತಿಯೂ ಮನುಷ್ಯನಿಗೆ ಬೇಕಾದುದೆಂಬುದು ಕಾಲಕ್ರಮದಲ್ಲಿ ಸ್ಪಷ್ಟವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದುವು. ಸುತ್ತಲಿನ ಹಳ್ಳಿಗರು ಘೋರವಾದ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದಕ್ಕೆ ಕಾರಣವಾದ ವೈರಸ್ಸನ್ನೂ ಅದನ್ನು ಹೊತ್ತು ತಿರುಗುವ ಕಾಡಿನ ಉಣುಗನ್ನೂ ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ಆ ಉಣುಗು ಬೇರೆ ಜಾತಿಯದು. ಊರನಾಯಿಯ ಕಂದು ಉಣ್ಣೆ ಅದಲ್ಲ. ಆದರೆ ಮರಿ, ಎಳೆಯದು, ಪ್ರೌಢ ಎಂಬ ಮೂರು ಹಂತಗಳಲ್ಲಿ ಯಾವುದು ಯಾರನ್ನು ಯಾವ ಕಾಲದಲ್ಲಿ ಕಚ್ಚುತ್ತದೆಂದು ಕೇಳುವ ರೀತಿ ಒಂದೇ. ಎಳೆಯ ಉಣುಗುಗಳು ಹೆಚ್ಚಾಗುವ ಬೇಸಿಗೆಯ ಮೊದಲ ತಿಂಗಳುಗಳಲ್ಲಿಯೇ ಮಲೆನಾಡಿನಲ್ಲಿ ಆ ರೋಗದ ಭೀತಿ ಅಧಿಕ.

ನಾಯಿಯ ಉಣ್ಣೆಯಲ್ಲಿಯೂ ಹೊಸ ಹೊಸ ರೋಗಗಳು ಗೋಚರಿಸಿದವು. ಆಲ್ಜೀರಿಯದಲ್ಲಿ 1935ರಲ್ಲಿ ಗುರುತಿಸಿದ ಎರ್ಲಿಕಿಯ ಎಂಬುದು ಬಿಳಿಯ ರಕ್ತಕಣಗಳೊಳಗೆ ಬೆಳೆಯುವ ಸೂಕ್ಷ್ಮಾಣು. ಅದು ತಗುಲಿದ ನಾಯಿಗೆ ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ತನ್ನ ತರಬೇತಾದ ನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಈ ರೋಗಕ್ಕೆ ಕಳೆದುಕೊಂಡಿತು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಇದೇ ಕಂದು ಉಣ್ಣೆ ಮನುಷ್ಯರಿಗೂ ಒಂದು ಬಗೆಯ ಜ್ವರವನ್ನು ಅಂಟಿಸುವುದುಂಟು. ಆದುದರಿಂದ ನಾಯಿಯ ಮೈಯಿಂದ ಕಿತ್ತ ಉಣ್ಣೆಯನ್ನು ಬರಿಗೈಯಿಂದ ಹಿಸುಕಬಾರದು. ಚಿಮಟದಿಂದ ಅದರ ಬಾಯಿಯ ಬುಡವನ್ನು ಹಿಡಿದು ನೇರವಾಗಿ ಎಳೆಯಬೇಕು. ಸಾಕಿದ ನಾಯಿಗೆ ಔಷಧ ಹಚ್ಚುವವರು ಉಂಟು. ಬೀದಿಯ ನಾಯಿಗೆ ಯಾರೂ ಇಲ್ಲ. ಬೀದಿಯ ನಾಯಿ ಮಲಗೆದ್ದ ಜಗಲಿಯ ಬಿರುಕಿನಿಂದಲೇ ಉಣ್ಣೆ ಮನೆಯ ನಾಯಿಯ ಮೈಗೂ ಹತ್ತುತ್ತದೆ.

ಕ್ರಿಸ್ಟಫರ್ಸ್ ಅವರ ಮುಂದಿನ ಬಾಳು ಬಹುಮಟ್ಟಿಗೆ ಮಲೇರಿಯಾಕ್ಕೆ ಮೀಸಲಾಯಿತು. 1908ರ ಮಳೆಗಾಲದ ನಂತರ ಪಂಜಾಬಿನಲ್ಲಿ ಮಲೇರಿಯಾ ಭಯಂಕರವಾಗಿ ಹರಡಿತು. ಅಕ್ಟೋಬರ್ ನವೆಂಬರ್ ಎರಡೇ ತಿಂಗಳುಗಳಲ್ಲಿ ಜ್ವರದಿಂದ ಸತ್ತವರ ಸಂಖ್ಯೆ 3 ಲಕ್ಷವನ್ನು ಮೀರಿತು. ಅದರ ವಿಚಾರಣೆಗೆ ಹೋದ ಕ್ರಿಸ್ಟಫರ್ಸ್ ಸೂಕ್ಷ್ಮದರ್ಶಕವೊಂದನ್ನೇ ನೆಚ್ಚಲಿಲ್ಲ. ಹಿಂದಿನ ಹಲವು ದಶಕಗಳ ಮರಣದ ಲೆಕ್ಕಗಳು, ಮಳೆಯ ಲೆಕ್ಕಗಳು, ಧಾನ್ಯದ ಬೆಲೆಯ ಪಟ್ಟಿಗಳು ಇವೆಲ್ಲವನ್ನೂ ಮುಂದಿಟ್ಟುಕೊಂಡು ಕುಳಿತರು. ಮಳೆ ಅತಿಯಾದ ವರ್ಷಗಳಲ್ಲಿ ಜ್ವರ ಹೆಚ್ಚುವುದು ಸಹಜವೇ. ಆದರೆ ಸಾವು ಹಲವು ಪಟ್ಟು ಏರಿದುದು ಕಾಳಿನ ಬೆಲೆ ಗಗನಕ್ಕೇರಿ ಬಡವರು ಹಸಿದಿದ್ದ ವರ್ಷಗಳಲ್ಲಿ. ಸೊಳ್ಳೆ ಎಲ್ಲರನ್ನೂ ಕಚ್ಚಿತು; ಸತ್ತವರು ಉಣ್ಣಲಿಲ್ಲದವರು ಮತ್ತು ಅವರ ಮಕ್ಕಳು. ಈ ವರದಿ 1911ರಲ್ಲಿ ಅಚ್ಚಾಯಿತು. ಹಿಂದೆ ಹೆಸರಿಸಿದ ಬೆಂಟ್ಲಿಯವರ ಜೊತೆಯಲ್ಲಿ ಬಂಗಾಳದ ಚಹಾ ತೋಟಗಳ ಸೀಮೆಯನ್ನು ಪರೀಕ್ಷಿಸಿದಾಗಲೂ, ಬಡ ಕೂಲಿಗಳನ್ನು ದೂರದೂರದಿಂದ ತಂದು ಒತ್ತೊತ್ತಾಗಿ ನೆಲೆಗೊಳಿಸುವ ಪದ್ಧತಿಯೇ ಜ್ವರಕ್ಕೆ ತವರಾಗುತ್ತದೆಂಬುದನ್ನು ಅವರು ಬರೆದರು. ಆಫ್ರಿಕದಲ್ಲಿ ಬೇರೆ ವಸತಿಯ ಸಲಹೆ ಕೊಟ್ಟ ತರುಣನ ಕಣ್ಣು ಹತ್ತು ವರ್ಷಗಳಲ್ಲಿ ಎಷ್ಟು ದೂರ ಸಾಗಿತ್ತೆಂಬುದನ್ನು ಇಲ್ಲಿ ಗಮನಿಸಬಹುದು. ಸರ್ಕಾರ ಈ ಮಾತುಗಳನ್ನೆಲ್ಲ ನಡೆಸಿಕೊಟ್ಟಿತೆಂದು ಮಾತ್ರ ಹೇಳುವಂತಿಲ್ಲ.

ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಮಲೇರಿಯಾ ಅಧ್ಯಯನದ ಕೇಂದ್ರವನ್ನು ಕಟ್ಟಿ ಬೆಳೆಸಿದವರು ಅವರೇ. ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯದ ಸೈನ್ಯದೊಡನೆ ಇದ್ದು ಬಂದು, ಕಸೌಲಿಯ ಕೇಂದ್ರ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಕಾಲಾಜಾರ್ ರೋಗದ ಆಯೋಗದ ಹೊಣೆಯನ್ನೂ ಹೊತ್ತರು. 1926ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1931ರಲ್ಲಿ ಸರ್ ಪದವಿಯೂ ಬಂದವು. 1932ರಲ್ಲಿ ಮೂವತ್ತು ವರ್ಷಗಳ ಸೇವೆಯನ್ನು ಮುಗಿಸಿ ಅವರು ಭಾರತವನ್ನು ಬಿಟ್ಟರು. ಈ ನಾಡಿನ ಅನಾಫಿಲಿಸ್ ಸೊಳ್ಳೆಗಳನ್ನೆಲ್ಲ ವರ್ಣಿಸುವ ಅವರ ಸಂಪುಟ ಮರುವರ್ಷ ಹೊರಬಂದಿತು.

ನಿವೃತ್ತಿ ಎಂಬುದು ಅವರ ಪಾಲಿಗೆ ಹೆಸರಿಗೆ ಮಾತ್ರ. ಲಂಡನ್ನಿನಲ್ಲಿ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದು, ಬಳಿಕ ಕೇಂಬ್ರಿಜ್‌ನಲ್ಲಿ ನೆಲೆಸಿದ ಅವರು ಸೂಕ್ಷ್ಮದರ್ಶಕವನ್ನು ಕೆಳಗಿಡಲಿಲ್ಲ. ಉಣ್ಣೆಯ ಒಡಲನ್ನು ಬಿಡಿಸಿದ ರೀತಿಯಲ್ಲಿಯೇ ಈಡಿಸ್ ಎಂಬ ಸೊಳ್ಳೆಯನ್ನು ಮೊಟ್ಟೆಯಿಂದ ರೆಕ್ಕೆಯ ತುದಿಯವರೆಗೆ ಪರೀಕ್ಷಿಸಿ, 700 ಪುಟಗಳನ್ನು ಮೀರಿದ ಗ್ರಂಥವೊಂದನ್ನು ಬರೆದರು. ಇಂದು ನಮ್ಮ ಊರುಗಳಲ್ಲಿ ಡೆಂಗಿ ಜ್ವರವನ್ನು ಹರಡುವ ಸೊಳ್ಳೆ ಅದೇ. ಆ ಗ್ರಂಥ 1960ರಲ್ಲಿ ಪ್ರಕಟವಾದಾಗ ಅವರಿಗೆ ಎಂಬತ್ತಾರು ವರ್ಷ ವಯಸ್ಸು.

1978ರ ಫೆಬ್ರವರಿ ತಿಂಗಳಿನಲ್ಲಿ, ನೂರನಾಲ್ಕು ವರ್ಷ ತುಂಬಿದ ಮೇಲೆ ಅವರು ತೀರಿಕೊಂಡರು. ಗಿಂಡಿಯ ಕಿಂಗ್ ಸಂಸ್ಥೆ ಇಂದಿಗೂ ಇದೆ. ಜ್ವರದಿಂದ ಬಳಲುವ ನಾಯಿಯನ್ನು ನಮ್ಮ ಪಶು ಆಸ್ಪತ್ರೆಗಳಿಗೆ ಕರೆದೊಯ್ದಾಗ ವೈದ್ಯರು ಅದರ ಕಿವಿಯಂಚಿನಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಕೊಟ್ಟು, ಕೆಂಪುಕಣಗಳ ನಡುವೆ ಪೇರ್ ಹಣ್ಣಿನ ಆಕಾರದ ಆ ಜೋಡಿಗಳನ್ನು ಹುಡುಕುತ್ತಾರೆ.